ಆರು ಕೋಟಿಯನ್ನು ಇಂಗ್ಲಿಷಿನಲ್ಲಿ ಓದಿಸುವುದು

ದಾವಣಗೆರೆಯಲ್ಲಿ ನಾನು ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಕಾಲ್ ಸೆಂಟರ್ ಕೆಲಸ ಹುಡುಕುವವರು, ನರ್ಸಿಂಗ್ ಮುಗಿಸಿ ಗಲ್ಫ್‌ಗೆ ಹೊರಟವರು ಜಾಸ್ತಿ. ವ್ಯಾಕರಣ ಹೇಗೋ ನಡೆಯುತ್ತದೆ. ಸಂಖ್ಯೆ ಹತ್ತು ಲಕ್ಷ ದಾಟಿತೋ, ಚೆನ್ನಾಗಿ ಮಾತಾಡುವವರೂ ಗಪ್‌ಚಿಪ್.

ಒಂದು ಮಿಲಿಯನ್ ಅಂದ್ರೆ ಹತ್ತು ಲಕ್ಷ ಅಂತ ಎಲ್ಲರಿಗೂ ಗೊತ್ತು. ಆದರೆ ತಲೆಯಲ್ಲಿ ಅದನ್ನು ಗುಣಿಸಿ ಭಾಗಿಸುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಅದಕ್ಕೇ ನಾನು ಲೆಕ್ಕ ಮಾಡಿಸುವುದೇ ಇಲ್ಲ. ನನ್ನ ಪಾಠ ಕಾಮಾದಿಂದ ಶುರು.

ಬೋರ್ಡಿನ ಮೇಲೆ 6,10,95,297 ಎಂದು ಬರೆಯುತ್ತೇನೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ. ಕಾಮಾಗಳನ್ನೆಲ್ಲ ಅಳಿಸಿ, ಬಲಗಡೆಯಿಂದ ಮೂರು ಮೂರು ಅಂಕಿಗೆ ಹೊಸದಾಗಿ ಹಾಕಿಸುತ್ತೇನೆ: 61,095,297. ಬಲದಿಂದ ಮೊದಲ ಕಾಮಾದ ಹೆಸರು ಥೌಸಂಡ್, ಎರಡನೆಯದು ಮಿಲಿಯನ್, ಮೂರನೆಯದು ಬಿಲಿಯನ್. ಕಾಮಾ ಬಂದಲ್ಲಿ ಅದರ ಹೆಸರು ಕೂಗಿ ಮುಂದೆ ಹೋಗಬೇಕು, ಅಷ್ಟೇ. ಸಿಕ್ಸ್ಟಿ ಒನ್ ಮಿಲಿಯನ್, ನೈಂಟಿ ಫೈವ್ ಥೌಸಂಡ್, ಟೂ ಹಂಡ್ರೆಡ್ ಅಂಡ್ ನೈಂಟಿ ಸೆವೆನ್.

ಇಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, 95ರ ಹಿಂದಿನ ಸೊನ್ನೆ ಎಲ್ಲಿ ಹೋಯ್ತು?" ಅದು ಬಸ್ಸಿನ ಸೀಟಿಗೆ ಹಾಕಿದ ಟವೆಲ್ ಇದ್ದ ಹಾಗೆ, ಜಾಗ ಹಿಡಿಯುತ್ತದೆ, ಮಾತಾಡಲ್ಲ ಅನ್ನುತ್ತೇನೆ. ಇದು ತಲೆಗೆ ಹೋದರೆ ದೇಶದ 1,21,08,54,977ನ್ನು 1,210,854,977 ಮಾಡಿ ತಾವೇ ಓದುತ್ತಾರೆ.

ಸಿಕ್ಸ್ಟಿ ಒನ್ ಮಿಲಿಯನ್ಸ್ ಅಂದರೆ ತಿದ್ದುತ್ತೇನೆ. ಮುಂದೆ ಅಂಕಿ ಇದ್ದರೆ ಮಿಲಿಯನ್, ಇಲ್ಲದಿದ್ದರೆ ಮಿಲಿಯನ್ಸ್ ಆಫ್ ಪೀಪಲ್. ಇದಕ್ಕಿಂತ ಜಾಸ್ತಿ ಕಾಡುವುದು ಥರ್ಟೀನ್ ಮತ್ತು ಥರ್ಟಿ. 1.3 ಕೋಟಿ ಎಲ್ಲಿ, 3 ಕೋಟಿ ಎಲ್ಲಿ! ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತೇನೆ. ಒಬ್ಬರು ಇಂಗ್ಲಿಷಿನಲ್ಲಿ ಓದಬೇಕು, ಇನ್ನೊಬ್ಬರು ನಮ್ಮ ಲಕ್ಷ-ಕೋಟಿ ಕಾಮಾ ಹಾಕಿ ಬರೆದುಕೊಳ್ಳಬೇಕು. 'ಟೀನ್' ಎಳೆದು ಒತ್ತಿ ಹೇಳದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಮಾತಿನಲ್ಲಿ ಯಾರೂ ಕೊನೆಯ ಅಂಕಿಯವರೆಗೆ ಹೇಳಲ್ಲ, ಅಲ್ವಾ? ಹಾಗಾಗಿ ಮುಂದಿನ ಹೆಜ್ಜೆ ಅಂದಾಜು. ಬೆಂಗಳೂರು ನಗರ ಜಿಲ್ಲೆ 96,21,551, ಅಂದರೆ ಅಬೌಟ್ ನೈನ್ ಪಾಯಿಂಟ್ ಸಿಕ್ಸ್ ಮಿಲಿಯನ್. ಕೊಡಗು 5,54,519, ಅಂದರೆ ಓವರ್ ಹಾಫ್ ಎ ಮಿಲಿಯನ್. ಜನಸಂಖ್ಯೆಯ ಪದಗಳನ್ನೂ ಈ ಎರಡು ಜಿಲ್ಲೆಗಳಿಗೇ ಕಟ್ಟುತ್ತೇನೆ. ಬೆಂಗಳೂರಿನಲ್ಲಿ ಚದರ ಕಿಲೋಮೀಟರಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ, ಕೊಡಗಿನಲ್ಲಿ 135. ಒಂದು ಡೆನ್ಸ್ಲಿ ಪಾಪ್ಯುಲೇಟೆಡ್, ಇನ್ನೊಂದು ಸ್ಪಾರ್ಸ್ಲಿ ಪಾಪ್ಯುಲೇಟೆಡ್. 'ಪಾಪ್ಯುಲೇಷನ್ ಈಸ್ ಮೋರ್' ಅನ್ನುವುದು ನಮ್ಮವರ ಖಾಯಂ ವಾಕ್ಯ. ಅದರ ಜಾಗಕ್ಕೆ ಲಾರ್ಜ್, ಸ್ಮಾಲ್ ತರಿಸಲು ಸಾಕುಬೇಕಾಗುತ್ತದೆ.

ಉಡುಪಿ ಜಿಲ್ಲೆಯ ಲಿಂಗಾನುಪಾತ ಬೋರ್ಡಿಗೆ ಬಂದರೆ ತರಗತಿ ಎದ್ದು ಕೂರುತ್ತದೆ. ಸಾವಿರ ಗಂಡಸರಿಗೆ 1,094 ಹೆಂಗಸರು. ಯಾಕೆ ಅಂತ ಕೇಳಿದರೆ ಸಾಕು. "ಗಂಡಸರೆಲ್ಲ ಮುಂಬೈ, ದುಬೈ ಸೇರಿದ್ದಾರೆ ಮೇಡಂ" ಎಂದು ಕನ್ನಡದಲ್ಲೇ ಗಲಾಟೆ ಶುರುವಾಗುತ್ತದೆ. ಆಗ ಮೈಗ್ರೇಷನ್, ಮೈಗ್ರೇಟ್ ಎರಡನ್ನೂ ಕೊಟ್ಟು ಅದೇ ಗಲಾಟೆಯನ್ನು ಇಂಗ್ಲಿಷಿನಲ್ಲಿ ಮಾಡಿಸುತ್ತೇನೆ. ಸುಮ್ನೆ ಪದಪಟ್ಟಿ ಕೊಟ್ಟರೆ ಹೀಗೆ ಬಾಯಿ ಬಿಡುವುದಿಲ್ಲ.

ಲಕ್ಷ, ಕೋಟಿ ಬಿಟ್ಟುಬಿಡಿ ಅಂತ ನಾನು ಹೇಳಲ್ಲ. ನಮ್ಮ ಇಂಗ್ಲಿಷ್ ಪತ್ರಿಕೆಗಳೇ ಲ್ಯಾಕ್, ಕ್ರೋರ್ ಬರೆಯುತ್ತವೆ. ಫೋನಿನ ಆ ಕಡೆ ಹೊರದೇಶದವರಿದ್ದಾಗ ಮಾತ್ರ ಮಿಲಿಯನ್ ಬೇಕು.

ಇವೆಲ್ಲ 2011ರ ಅಂಕಿಗಳು ಅನ್ನುವುದನ್ನೂ ನೆನಪಿಸುತ್ತಿರಬೇಕು. 2021ಕ್ಕೆ ಆಗಬೇಕಿದ್ದ ಜನಗಣತಿ ಮುಂದೆ ಹೋಯಿತು. ಹೊಸ ಅಂಕಿ ಬರುವ ತನಕ ನನ್ನ ತರಗತಿಯಲ್ಲಿ ವಾಕ್ಯ 'ಇನ್ 2011' ಎಂದೇ ಶುರುವಾಗಬೇಕು, ಕ್ರಿಯಾಪದ 'ವಾಸ್' ಆಗಿರಬೇಕು. 'ಈಸ್' ಅಂದರೆ ನಿಲ್ಲಿಸಿ ಮತ್ತೆ ಹೇಳಿಸುತ್ತೇನೆ.