ಕೆರೆ ಪಟ್ಟಿಯ ಖಾಲಿ ಖಾನೆಗೆ ಸೊನ್ನೆ ತುಂಬಬೇಡಿ

ನಾನು ಹೆಚ್ಚಾಗಿ ಕೆರೆಗಳ ನಕ್ಷೆ ಮಾಡುತ್ತೇನೆ. ತಾಲ್ಲೂಕಿನ ಟೇಬಲ್ ಕೈಗೆ ಬಂದಾಗ ಖಾಲಿ ಅನ್ನುವುದು ನಾನಾ ವೇಷದಲ್ಲಿ ಕೂತಿರುತ್ತದೆ. ಒಂದು ಕಡೆ ಬರೀ ಸ್ಪೇಸ್, ಇನ್ನೊಂದು ಕಡೆ ಅಡ್ಡಗೆರೆ, ಮತ್ತೆಲ್ಲೋ ಮೈನಸ್ 9999. ಪೈಥಾನ್‌ನ ಜಿಯೋಪಾಂಡಾಸ್ (ನಕ್ಷೆಯ ಟೇಬಲ್ ನಿಭಾಯಿಸುವ ಲೈಬ್ರರಿ) ಇವನ್ನು ಖಾಲಿ ಅಂತ ತಾನಾಗಿ ಗುರುತಿಸುವುದಿಲ್ಲ.

ಹಾಗಾಗಿ ಮೊದಲು ಎಲ್ಲವನ್ನೂ ಒಂದೇ ನಲ್, ಅಂದರೆ ‘ಮಾಹಿತಿ ಇಲ್ಲ’ ಅನ್ನುವ ಗುರುತು, ಮಾಡಿ. ಅಕ್ಷರದ ಕಾಲಂಗಳಿಗೆ ಅಕ್ಕಪಕ್ಕದ ಸ್ಪೇಸ್ ತೆಗೆಯುವ ಸ್ಟ್ರಿಪ್, ಆಮೇಲೆ ಒಂದರ ಜಾಗಕ್ಕೆ ಇನ್ನೊಂದು ಹಾಕುವ ರಿಪ್ಲೇಸ್. ಅಕ್ಷರ, ಸಂಖ್ಯೆ ಬೆರೆತ ಕಾಲಂಗೆ ಮಾತ್ರ ಸ್ಟ್ರಿಪ್ ನೇರವಾಗಿ ಹಾಕಬೇಡಿ, ಸಂಖ್ಯೆಗಳೇ ಮಾಯವಾಗುತ್ತವೆ. ನಂತರ ಖಾಲಿ ಹುಡುಕುವ ಈಸ್‌ನಾ ಮತ್ತು ಕೂಡುವ ಸಮ್ ಸೇರಿಸಿ ಓಡಿಸಿದರೆ ಯಾವ ಕಾಲಂನಲ್ಲಿ ಎಷ್ಟು ಖಾಲಿ ಅಂತ ಒಂದೇ ಸಾಲಿನಲ್ಲಿ ಸಿಗುತ್ತದೆ. ಸಾಲು ಸಾಲಾಗಿ ಲೂಪ್ ಸುತ್ತಬೇಡಿ, ಇಡೀ ಕಾಲಂ ಒಟ್ಟಿಗೆ ಬದಲಿಸುವುದು ಎಷ್ಟೋ ವೇಗ. ಆರ್ಕ್‌ಜಿಐಎಸ್ ನಕ್ಷೆ ಸಾಫ್ಟ್‌ವೇರ್‌ನ ಪೈಥಾನ್ ಲೈಬ್ರರಿ ಆರ್ಕ್‌ಪೈ ಬಳಸುವವರು, ಸಾಲುಗಳನ್ನು ತಿದ್ದುವ ಅಪ್‌ಡೇಟ್‌ಕರ್ಸರ್‌ಗೆ ಬೇಕಾದ ಕಾಲಂ ಮಾತ್ರ ಕೊಟ್ಟು, ನಲ್ ಇರುವ ಸಾಲುಗಳನ್ನಷ್ಟೇ ಆರಿಸಿಕೊಳ್ಳಿ.

ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಟೇಬಲ್ ಫೈಲ್) ಓದುವಾಗ ತೊಂದರೆ ಉಲ್ಟಾ. ಎನ್, ಎ ಎಂಬ ಎರಡಕ್ಷರ ಕಂಡರೆ ಪಾಂಡಾಸ್ (ಜಿಯೋಪಾಂಡಾಸ್‌ಗೆ ಆಧಾರವಾದ ಟೇಬಲ್ ಲೈಬ್ರರಿ) ಅದನ್ನು ಖಾಲಿ ಅಂದುಕೊಳ್ಳುತ್ತದೆ. ನಮೀಬಿಯಾ ದೇಶದ ಕೋಡ್ ಅದೇ, ಪಾಪ! ಓದುವಾಗ ಕೊಡುವ ಕೀಪ್ ಡಿಫಾಲ್ಟ್ ಎನ್‌ಎ ಅನ್ನುವ ಆಯ್ಕೆಯನ್ನು ಫಾಲ್ಸ್ ಮಾಡಿ. ಹಳ್ಳಿ ಕೋಡ್‌ಗಳನ್ನು ಅಕ್ಷರವಾಗಿಯೇ ಓದಿಸಿ. ಇಲ್ಲದಿದ್ದರೆ ಕೋಡ್‌ನ ಮೊದಲಲ್ಲಿರುವ ಸೊನ್ನೆ ಹೋಗುತ್ತದೆ. ಒಂದು ಖಾನೆ ಖಾಲಿಯಿದ್ದರೂ ಕೋಡ್‌ಗೆ ದಶಮಾಂಶ ಅಂಟಿಕೊಂಡು ಜಾಯಿನ್ (ಕೋಡ್ ನೋಡಿ ಎರಡು ಟೇಬಲ್ ಜೋಡಿಸುವುದು) ಕೂಡುವುದಿಲ್ಲ.

ಇನ್ನು ತುಂಬುವ ಮಾತು. ಸುಮ್ನೆ ಇಡೀ ಟೇಬಲ್‌ಗೆ ಫಿಲ್‌ನಾ (ಖಾಲಿ ತುಂಬುವ ಆದೇಶ) ಬಳಸಿ ಸೊನ್ನೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ನೀರು ನೆಲಕ್ಕಿಳಿಸಲೆಂದೇ ಇರುವ ಜಿನುಗು ಕೆರೆಗೆ ಅಚ್ಚುಕಟ್ಟು (ಕೆರೆಯಿಂದ ನೀರುಣ್ಣುವ ಜಮೀನು) ಸೊನ್ನೆ ಇರುವುದು ನಿಜವಾದ ಲೆಕ್ಕ. ಪಕ್ಕದ ಕೆರೆಯದು ಯಾರೂ ಅಳೆಯದೆ ಖಾಲಿ ಬಿಟ್ಟಿದ್ದು. ಎರಡೂ ಸೊನ್ನೆಯಾದರೆ ಸರಾಸರಿ ಹಾಳು, ಅಲ್ವಾ? ಅಳೆಯದ ಅಚ್ಚುಕಟ್ಟನ್ನು ನಲ್ ಆಗಿಯೇ ಬಿಡಿ. ಹೋಬಳಿ ಖಾಲಿಯಿದ್ದರೆ ಹೋಬಳಿ ಗಡಿಯ ಪದರದ ಜೊತೆ ಎಸ್‌ಜಾಯಿನ್ (ಜಾಗ ನೋಡಿ ಜೋಡಿಸುವುದು) ಮಾಡಿ ತುಂಬಬಹುದು. ಕೆರೆಯ ವಿಸ್ತೀರ್ಣವನ್ನು ಆಕಾರದಿಂದಲೇ ಲೆಕ್ಕ ಹಾಕಿ. ಆದರೆ ಅಕ್ಷಾಂಶ ರೇಖಾಂಶದಲ್ಲಿ ಬೇಡ, ಕರ್ನಾಟಕದ ಬಹುಭಾಗಕ್ಕೆ ಮೀಟರ್‌ನಲ್ಲಿ ಅಳೆಯುವ ನಕ್ಷಾ ಪದ್ಧತಿಯಾದ ಯುಟಿಎಂನ 43 ಉತ್ತರ ವಲಯ ಸರಿಹೋಗುತ್ತದೆ. ಹೀಗೆ ತುಂಬಿದ ಸಾಲುಗಳಿಗೆ ಪಕ್ಕದಲ್ಲೊಂದು ಗುರುತಿನ ಕಾಲಂ ಇರಲಿ.

ಆಕಾರವೇ ಇಲ್ಲದ ಸಾಲು ಈಸ್‌ನಾಗೆ ಸಿಗುತ್ತದೆ, ಆಕಾರ ಇದ್ದೂ ಒಳಗೇನೂ ಇಲ್ಲದ್ದು ಈಸ್ ಎಂಪ್ಟಿಗೆ ಮಾತ್ರ. ಎರಡನ್ನೂ ಓಡಿಸಿ. ಅಕ್ಷಾಂಶ, ರೇಖಾಂಶ ಎರಡೂ ಸೊನ್ನೆಯಾದ ಕೆರೆ ಆಫ್ರಿಕಾ ಪಕ್ಕದ ಗಿನಿ ಕೊಲ್ಲಿಯಲ್ಲಿ ತೇಲುತ್ತಿರುತ್ತದೆ!

ಉಳಿಸುವಾಗ ನಕ್ಷೆಯ ಫೈಲ್ ಮಾದರಿಗಳಲ್ಲಿ ಜಿಯೋಪ್ಯಾಕೇಜ್ ಆರಿಸಿ. ಹಳೆಯ ಮಾದರಿಯಾದ ಶೇಪ್‌ಫೈಲ್‌ನಲ್ಲಿ ನಲ್ ಸರಿಯಾಗಿ ನಿಲ್ಲುವುದಿಲ್ಲ. ಆರ್ಕ್‌ಜಿಐಎಸ್‌ನಿಂದ ಬರೆದರೆ ಸಂಖ್ಯೆಯ ಖಾಲಿ ಖಾನೆ ಮತ್ತೆ ಸೊನ್ನೆಯಾಗಬಹುದು, ಕಾಲಂ ಹೆಸರೂ 10 ಅಕ್ಷರಕ್ಕೆ ತುಂಡಾಗುತ್ತದೆ.