ವಾಚನಾಲಯದ ಬುಧವಾರ, ಶುಕ್ರವಾರ

ಪುಣೆಯ ಪಶ್ಚಿಮ ಭಾಗದ ಹಳೆಯ ವಸತಿ ಕಟ್ಟಡವೊಂದರ ನೆಲಮಹಡಿಯಲ್ಲಿ ಕನ್ನಡಿಗರು ಸೇರಿ ನಡೆಸುವ ಒಂದು ವಾಚನಾಲಯವಿದೆ. ಎರಡು ಕೋಣೆ, ಸುಮಾರು ಮೂರು ಸಾವಿರ ಪುಸ್ತಕ, ಹದಿನೆಂಟು ಮಡಚುವ ಕಬ್ಬಿಣದ ಕುರ್ಚಿ, ನೆಲಕ್ಕೆ ನಮ್ಮ ಕಲಬುರಗಿ ಕಡೆಯಿಂದಲೇ ಬಂದ ಶಹಾಬಾದ ಫರಸಿ. ಬ್ಯಾಂಕಿನ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದ ಮೇಲೆ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಮೇಜಿನ ಹಿಂದೆ ನಾನು ಕೂರತೊಡಗಿದೆ. ಈಗ ಅದೇ ಕೋಣೆಯಲ್ಲಿ ಬುಧವಾರ ಕುರ್ಚಿ ಯೋಗ, ಶುಕ್ರವಾರ ಕಸೂತಿ, ತಿಂಗಳ ಕೊನೆಯ ಶನಿವಾರ ಗಮಕ ನಡೆಯುತ್ತವೆ. ಎಲ್ಲವೂ ದೊಡ್ಡವರಿಗಾಗಿ, ಎಲ್ಲವೂ ಉಚಿತ. ಇವುಗಳನ್ನು ನಡೆಸುತ್ತ ನಾವು ಎಡವಿದ್ದೂ ಸುಧಾರಿಸಿಕೊಂಡದ್ದೂ ಇಲ್ಲಿದೆ.

ಕರೋನಾ ಕಾಲದ ಬೀಗ ತೆಗೆದು 2022ರಲ್ಲಿ ವಾಚನಾಲಯವನ್ನು ಪೂರ್ತಿಯಾಗಿ ತೆರೆದಾಗ, ಪುಸ್ತಕ ಒಯ್ಯುವವರಿಗಿಂತ ಸುಮ್ಮನೆ ಬಂದು ಕುಳಿತು ಹೋಗುವವರೇ ಹೆಚ್ಚು ಕಾಣತೊಡಗಿದರು. ಕೆಲವರು ಪತ್ರಿಕೆಯನ್ನು ಬಿಡಿಸಿ ಒಂದೇ ಪುಟವನ್ನು ಅರ್ಧ ಗಂಟೆ ನೋಡುತ್ತಿದ್ದರು. ಇವರಿಗಾಗಿ ಏನಾದರೂ ಮಾಡಬೇಕೆಂಬ ಹುರುಪಿನಲ್ಲಿ ನಾವು ‘ವಯಸ್ಕರಿಗಾಗಿ ಉಚಿತ ಮಾನಸಿಕ ಸ್ವಾಸ್ಥ್ಯ ಶಿಬಿರ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿ ಬಾಗಿಲಿಗೆ ಅಂಟಿಸಿದೆವು. ಆ ದಿನ ಬಂದವರು ಇಬ್ಬರು, ಅವರಲ್ಲಿ ಒಬ್ಬರು ಉಪನ್ಯಾಸ ಕೊಡಲು ಬಂದವರ ಯಜಮಾನರು. ದಿನವೂ ಬರುವ ಹಿರಿಯರೊಬ್ಬರನ್ನು ಮರುದಿನ ಕೇಳಿದಾಗ, “ತಲಿ ಕೆಟ್ಟವರ ಕ್ಲಾಸಿಗೆ ನಾ ಯಾಕ ಬರ್ಲಿ, ತಂಗಿ?” ಎಂದುಬಿಟ್ಟರು.

ಅವರ ಮಾತು ಒರಟಾಗಿದ್ದರೂ ತಪ್ಪಾಗಿರಲಿಲ್ಲ. ಯಾರಾದರೂ ಸಕ್ಕರೆ ಕಾಯಿಲೆಯ ಪುಸ್ತಕ ಒಯ್ದರೆ ‘ನಿಮಗಿದೆಯೇ?’ ಎಂದು ನಾವು ಕೇಳುವುದಿಲ್ಲ, ಪುಸ್ತಕದ ಮೇಲೆ ಮುದ್ರೆ ಒತ್ತಿ ಕೊಡುತ್ತೇವೆ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂಬ, ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರ ಸೂತ್ರಗಳು 1931ರಷ್ಟು ಹಳೆಯವು. ಓದುಗನಿಗೆ ಅದು ಏಕೆ ಬೇಕೆಂದು ವಿಚಾರಿಸಬೇಕೆಂಬ ಸೂತ್ರ ಅವುಗಳಲ್ಲಿ ಇಲ್ಲ. ಶಿಬಿರದ ಫಲಕವಾದರೋ ಹೊಸ್ತಿಲಲ್ಲೇ ಕಾರಣ ಕೇಳುತ್ತಿತ್ತು. ಕಾರ್ಯಕ್ರಮವನ್ನೂ ಪುಸ್ತಕದಂತೆಯೇ ಎರವಲು ಕೊಡಬೇಕು ಎಂದು ಅಂದು ತೋರಿದ್ದನ್ನೇ ನಾನು ಇಂದಿಗೂ ಹಿಡಿದುಕೊಂಡಿದ್ದೇನೆ. ಫಲಕವನ್ನು ತೆಗೆದು, ‘ಬುಧವಾರ 10.30ಕ್ಕೆ ಕುರ್ಚಿ ಯೋಗ. ಬರಬಹುದು, ನಡುವೆ ಎದ್ದು ಹೋಗಬಹುದು’ ಎಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಮೊದಲ ವಾರ ಏಳು ಜನ ಬಂದರು.

ಕುರ್ಚಿ ಯೋಗಕ್ಕೆ ಪುಣೆಗಿಂತ ಒಳ್ಳೆಯ ಊರು ಸಿಗಲಾರದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯವನ್ನೆಲ್ಲ ಮಲೇರಿಯಾ, ಕ್ಷಯಗಳಲ್ಲಿ ಕಳೆದ ಬಿ. ಕೆ. ಎಸ್. ಅಯ್ಯಂಗಾರ್ ಯೋಗ ಕಲಿಸಲೆಂದು 1937ರಲ್ಲಿ ಬಂದು ನೆಲೆಸಿದ್ದು ಇಲ್ಲಿಯೇ. 1975ರಲ್ಲಿ ತಮ್ಮ ಸಂಸ್ಥೆಯನ್ನು ತೆರೆದದ್ದೂ ಇಲ್ಲಿಯೇ. ಬಾಗದ ಮೈಗೂ ಆಸನ ಒದಗಬೇಕೆಂದು ಅವರು ಹಗ್ಗ, ಪಟ್ಟಿ, ಮರದ ದಿಮ್ಮಿ, ಕೊನೆಗೆ ಬೆನ್ನೊರಗು ತೆಗೆದ ಮಡಚುವ ಕುರ್ಚಿಯನ್ನೂ ಬಳಕೆಗೆ ತಂದರು. ನಮ್ಮ ಕುರ್ಚಿಗಳು ಓದುಗರಿಗೂ ಬೇಕಾದ್ದರಿಂದ ಅವುಗಳ ಬೆನ್ನನ್ನು ನಾವು ಮುಟ್ಟಿಲ್ಲ. ಆ ಪದ್ಧತಿಯಲ್ಲಿ ತರಬೇತಿ ಪಡೆದ ನಮ್ಮ ಸದಸ್ಯರೊಬ್ಬರ ಸೊಸೆ ಎರಡು ವಾರಕ್ಕೊಮ್ಮೆ ಬಂದು ಕಲಿಸುತ್ತಾರೆ. ನಡುವಿನ ವಾರಗಳಲ್ಲಿ ಅವರೂ ಒಬ್ಬ ಫಿಸಿಯೋಥೆರಪಿಸ್ಟರೂ ಒಪ್ಪಿದ ಎಂಟು ಚಲನೆಗಳನ್ನು ಮಾತ್ರ ನಾವು ಮಾಡಿಸುತ್ತೇವೆ. ಒಂಬತ್ತನೆಯದನ್ನು ಯಾರಾದರೂ ಟಿವಿಯಲ್ಲಿ ನೋಡಿಕೊಂಡು ಬಂದರೆ ನಯವಾಗಿ ತಡೆಯುವುದು ನನ್ನ ಕೆಲಸ.

ಎರಡು ಪಾಠಗಳನ್ನು ನಾವು ಪೆಟ್ಟು ತಿಂದೇ ಕಲಿತೆವು. ಮೂರನೆಯ ವಾರ, ಕೈ ಮೇಲೆತ್ತಿದ್ದ ಅಕ್ಕ ಒಬ್ಬರು ಕಣ್ಣು ಕತ್ತಲೆಗಟ್ಟಿ ಪಕ್ಕದವರ ಮೇಲೆ ವಾಲಿದರು. ವಿಚಾರಿಸಿದರೆ ಅಂದು ಅವರಿಗೆ ಏಕಾದಶಿಯ ಉಪವಾಸ. ಈಗ ಪ್ರಾರಂಭಕ್ಕೆ ಮೊದಲು ‘ತಿಂಡಿ ಆಯಿತೇ, ಬಿಪಿ ಗುಳಿಗೆ ಆಯಿತೇ?’ ಎಂದು ಒಟ್ಟಾಗಿ ಎಲ್ಲರನ್ನೂ ಕೇಳುತ್ತೇವೆ, ಮತ್ತು 108 ಎಂಬ ಆಂಬುಲೆನ್ಸ್ ಸಂಖ್ಯೆ ಗೋಡೆಯ ಮೇಲಿದೆ. ಎರಡನೆಯದು ಕುರ್ಚಿಯ ಕಾಲಿನದು. ಹಳೆಯ ಕುರ್ಚಿಗಳ ರಬ್ಬರ್ ಬೂಟುಗಳು ಸವೆದಿದ್ದವು, ಕಾಲಾಂತರದಲ್ಲಿ ನಯವಾದ ಫರಸಿಯ ಮೇಲೆ ಒಂದು ಕುರ್ಚಿ ಗೇಣುದ್ದ ಜಾರಿತು. ಯಾರೂ ಬೀಳಲಿಲ್ಲ ಎಂಬುದು ನಮ್ಮ ಪುಣ್ಯ. ಅಂದಿನಿಂದ ಕುರ್ಚಿಗಳನ್ನು ಗೋಡೆಗೆ ಒತ್ತಿಯೇ ಇಡುತ್ತೇವೆ.

ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಮೈಯ ಸಮತೋಲ ಕಾಯುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನಮಗಿರುವುದು ಒಂದೇ ದಿನ. ಉಳಿದ ದಿನಗಳಿಗೆಂದು, ಬೆಳಿಗ್ಗೆ ಹಾಲು ಕಾಯಿಸುವಾಗ ಅಡುಗೆಯ ಕಟ್ಟೆಯನ್ನು ಎರಡೂ ಕೈಗಳಿಂದ ಹಿಡಿದು ಒಂದು ಕಾಲನ್ನು ತುಸು ಎತ್ತಿ ಹತ್ತು ಎಣಿಸಿ, ಆಮೇಲೆ ಇನ್ನೊಂದು ಕಾಲು ಎಂದು ಹೇಳಿಕೊಟ್ಟಿದ್ದೇವೆ. ಹಾಲು ಉಕ್ಕಿಸಿದ ಆರೋಪ ನನ್ನ ಮೇಲೆ ಎರಡು ಸಲ ಬಂದಿದೆ.

ನಗೆಕೂಟದ ಕಥೆಯನ್ನು ಬೇಗ ಮುಗಿಸುತ್ತೇನೆ. 1995ರಲ್ಲಿ ಡಾ. ಮದನ್ ಕಟಾರಿಯಾ ಮುಂಬಯಿಯ ಅಂಧೇರಿಯಲ್ಲಿ ಐದು ಜನರೊಡನೆ ಪ್ರಾರಂಭಿಸಿದ ನಗೆಯ ವ್ಯಾಯಾಮ ನಮ್ಮಲ್ಲೂ ಇರಲಿ ಎಂದು ಕೆಲವರಿಗೆ ಆಸೆಯಾಯಿತು. ಅದು ಹುಟ್ಟಿದ್ದು ಬಯಲಿನಲ್ಲಿ ಎಂಬುದನ್ನು ಮರೆತೆವು. ಒಳಕೋಣೆಯಲ್ಲಿ ಸ್ಪರ್ಧಾ ಪರೀಕ್ಷೆಗೆ ಓದುವ ಎಂಟು ಹತ್ತು ಹುಡುಗರು ದಿನವೂ ಕೂರುತ್ತಾರೆ; ಅವರು ಇಬ್ಬಿಬ್ಬರಾಗಿ, ನಾಲ್ವರಾಗಿ ಬಾಡಿಗೆ ಹಿಡಿದ ಕೋಣೆಗಳಲ್ಲಿ ಓದಲು ಜಾಗವಿಲ್ಲ. ಇಪ್ಪತ್ತು ಜನ ಒಮ್ಮೆಗೇ ಗಹಗಹಿಸಿದಾಗ ಅವರಲ್ಲೊಬ್ಬ ಬಂದು, “ಕಾಕೂ, ಮುಂದಿನ ವಾರ ಪ್ರಿಲಿಮ್ಸ್ ಇದೆ” ಎಂದಷ್ಟೇ ಹೇಳಿ ನಿಂತ. ನಗು ಅಲ್ಲಿಗೇ ನಿಂತಿತು. ವಾಚನಾಲಯದಲ್ಲಿ ಓದುವವನ ಹಕ್ಕು ಮೊದಲನೆಯದು, ನಮ್ಮದು ಆಮೇಲಿನದು. ಪರೀಕ್ಷೆಗೆ ಹಿಂದಿನ ಹದಿನೈದು ದಿನ ಕಸೂತಿಯ ಹೊರತು ಬೇರೇನೂ ಇರಬಾರದೆಂದು ಹುಡುಗರೊಡನೆ ಕೂತು ನಿಯಮ ಮಾಡಿದೆವು. ಸೂಜಿಗೆ ಸದ್ದಿಲ್ಲ.

ಕಸೂತಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಬರೆಯಬೇಕು. ಧಾರವಾಡ ಸೀಮೆಯ ನಮ್ಮಂಥವರಿಗೆ ಇಳಕಲ್ ಸೀರೆಯ ಮೇಲೆ, ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ತಾಯಂದಿರು ಹಾಕಿದ ತೇರು, ಗೋಪುರ, ತುಳಸಿ ವೃಂದಾವನಗಳು ಪರಿಚಿತ, ಹಾಕಲು ಬರುವವರು ಮಾತ್ರ ಕಡಿಮೆ. ಗಾವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ಹೊಲಿಗೆಗಳು ನಾಲ್ಕೇ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಗಂಟು ಹಾಕಕೂಡದು. ಗಾವಂತಿಯಲ್ಲಿ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ಸೇರಬೇಕು. ಆಗ ಬಟ್ಟೆಯ ಎರಡೂ ಮೈ ಒಂದೇ ಥರ ಕಾಣುತ್ತದೆ. ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ಬರುವಾಗ ದಾರಿ ಕೂಡುವುದಿಲ್ಲ. ರವಿವಾರ ಪೇಟೆಯಿಂದ ಎಳೆ ಎಣಿಸಲು ಸುಲಭವಾದ ದಪ್ಪ ನೇಯ್ಗೆಯ ಮ್ಯಾಟಿ ಬಟ್ಟೆ, ದಾರದ ಲಡಿ, ಮೊಂಡು ತುದಿಯ ಸೂಜಿ ತಂದಿಟ್ಟೆವು. ಸಣ್ಣ ಎಳೆಯ ಸೀರೆಯ ಮೇಲೆ ನೇರವಾಗಿ ಪ್ರಾರಂಭಿಸಿದವರೆಲ್ಲ ಎರಡೇ ವಾರದಲ್ಲಿ ಬಿಟ್ಟುಹೋದರು ಎಂಬುದನ್ನು ಹೊಸಬರಿಗೆ ಮೊದಲೇ ಹೇಳುತ್ತೇನೆ.

ಹೆಂಗಸರೇ ಬರುವರೆಂದುಕೊಂಡಿದ್ದ ಆ ಮೇಜಿಗೆ ಪಿಂಪರಿಯ ಕಾರಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಒಬ್ಬ ಅಣ್ಣ ಬಂದು ಕೂತರು. ತೀರಿಕೊಂಡ ಪತ್ನಿ ಅರ್ಧಕ್ಕೆ ಬಿಟ್ಟಿದ್ದ ಒಂದು ತೇರಿನ ಬಟ್ಟೆ ಇವರ ಕೈಯಲ್ಲಿತ್ತು. ಏಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇದನ್ನೆಲ್ಲ ನಾವು ಅರಿತದ್ದು ನಾಲ್ಕಾರು ತಿಂಗಳ ಮೇಲೆ. ಭೂತಗನ್ನಡಿಯನ್ನು ಬಟ್ಟೆಗೆ ತಾಗಿಸಿ, ತುಟಿ ಅಲ್ಲಾಡಿಸುತ್ತ ಎಳೆ ಎಣಿಸುತ್ತಿದ್ದರು. ಒಂದು ಶುಕ್ರವಾರ ಪಕ್ಕದಲ್ಲಿ ಕೂತಿದ್ದ ಅಕ್ಕ ಬಗ್ಗಿ ನೋಡಿ, “ಅಣ್ಣಾರ, ಇಲ್ಲಿ ಒಂದು ಎಳಿ ತಪ್ಪೇತ್ರಿ” ಎಂದರು. ಇವರು ಕನ್ನಡಿಯನ್ನು ಸರಿಸಿ, ಎರಡು ಸಲ ಎಣಿಸಿ, “ತಪ್ಪಿದ್ದು ನಂದಲ್ರಿ, ಆಕೀದು” ಎಂದು, ಆ ಸಾಲನ್ನು ಬಿಚ್ಚದೆ ಹಾಗೆಯೇ ಉಳಿಸಿ, ತಮ್ಮ ಹೊಲಿಗೆಯನ್ನು ಅದಕ್ಕೆ ಹೊಂದಿಸಿಕೊಂಡು ಮುಂದುವರಿಸಿದರು. ಮೇಜಿನ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇಂಥ ಮೇಜಿನ ಸುತ್ತ ಕಷ್ಟಸುಖದ ಮಾತು ಬಂದೇ ಬರುತ್ತದೆ, ಏಕೆಂದರೆ ಕಣ್ಣು ಬಟ್ಟೆಯ ಮೇಲಿರುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಆದರೆ ಕೇಳುವುದಕ್ಕೂ ಚಿಕಿತ್ಸೆಗೂ ನಡುವೆ ಒಂದು ಗೆರೆಯಿದೆ. ತಿಂಗಳುಗಟ್ಟಲೆ ನಿದ್ರೆಯಿಲ್ಲ, ಮನೆಗೆ ಹೋಗಬೇಕೆಂದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಒಬ್ಬರು ಹೇಳಿದಾಗ ನಾವು ಬುದ್ಧಿ ಹೇಳಲು ಹೋಗಲಿಲ್ಲ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಪ್ರಾರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಕನ್ನಡದಲ್ಲಿಯೇ ಮಾತಾಡಬಹುದೆಂದು ತಿಳಿಸಿ, ಅವರು ಕರೆ ಮಾಡಿ ಮುಗಿಸುವವರೆಗೆ ಒಬ್ಬರು ಹೊರಗಿನ ಕಟ್ಟೆಯ ಮೇಲೆ ಜತೆಗೆ ಕುಳಿತೆವು. ಆ ಸಂಖ್ಯೆಯನ್ನು ಈಗ ಪುಸ್ತಕಗಳೊಳಗಿಡುವ ಗುರುತಿನ ಚೀಟಿಗಳ ಮೇಲೆಲ್ಲ ಅಚ್ಚು ಹಾಕಿಸಿದ್ದೇವೆ. ಯಾರು ಬೇಕಾದರೂ ಒಯ್ಯಬಹುದು, ಯಾರಿಗೂ ಗೊತ್ತಾಗುವುದಿಲ್ಲ.

‘ಉಚಿತ’ ಎಂಬ ಮಾತಿನ ಬೆಲೆ ತಿಳಿದದ್ದು ದೇಣಿಗೆಯ ಡಬ್ಬಿಯಿಂದ. ಇಷ್ಟವಿದ್ದವರು ಹಾಕಲಿ ಎಂದು ಬಾಗಿಲ ಬಳಿಯೇ ಅದನ್ನು ಇಟ್ಟಿದ್ದೆವು. ಸುತ್ತಲಿನ ಮನೆಗಳಲ್ಲಿ ಪೋಳಿ ಭಾಜಿ ಮಾಡಿಕೊಡುವ ವಿಜಯಪುರ ಕಡೆಯ ತಂಗಿಯೊಬ್ಬಳು ಎರಡು ವಾರ ಬಂದು ಆಮೇಲೆ ಕಾಣಲಿಲ್ಲ. ದಾರಿಯಲ್ಲಿ ಸಿಕ್ಕಾಗ, “ಅಕ್ಕಾರ, ಎಲ್ಲಾರೂ ಡಬ್ಯಾಗ ಹಾಕೂದು ನೋಡಿ ನಂಗ ನಾಚಿಕಿ ಆತ್ರಿ” ಎಂದಳು. ಅಂದೇ ಡಬ್ಬಿ ನನ್ನ ಮೇಜಿನ ಒಳಗಿನ ಸೇದುಪೆಟ್ಟಿಗೆ ಸೇರಿತು. ಬಟ್ಟೆ, ದಾರ, ಚಹಾ ಎಲ್ಲ ಸೇರಿ ತಿಂಗಳಿಗೆ ಎರಡು ಸಾವಿರ ರೂಪಾಯಿಯ ಒಳಗೇ ಮುಗಿಯುತ್ತದೆ. ಅದನ್ನು ಸದಸ್ಯತ್ವದ ಹಣದಿಂದಲೇ ತೂಗಿಸುತ್ತೇವೆ. ಅವಳಿಂದಾಗಿಯೇ ಕಸೂತಿಯ ವೇಳೆಯೂ ಬದಲಾಯಿತು. ಒಂದರಿಂದ ನಾಲ್ಕರವರೆಗೆ ಮಲಗುವುದು ಪುಣೆಯ ಜನ್ಮಸಿದ್ಧ ಹಕ್ಕೆಂದು ಎಲ್ಲರೂ ನಗುತ್ತಾರೆ. ಮನೆಗೆಲಸದವರಿಗೆ ಬಿಡುವು ಸಿಗುವುದು ಆ ಹೊತ್ತಿನಲ್ಲೇ. ಈಗ ಕಸೂತಿ ಮಧ್ಯಾಹ್ನ ಎರಡೂವರೆಗೆ.

ಗಮಕದ ಬಗ್ಗೆ ಹೆಚ್ಚು ಬರೆಯಲಾರೆ, ಅದಿನ್ನೂ ಕುದುರಿಲ್ಲ. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡೆಯನ್ನು ಒಟ್ಟಾಗಿ ಓದುವಾಗ ಉಸಿರು ತಾನೇ ಹದಕ್ಕೆ ಬರುತ್ತದೆಂದು ಯೋಗದವರೂ ಒಪ್ಪಿದ್ದಾರೆ. ಆದರೆ ಹಾಡಬಲ್ಲವರು ಹಾಡುತ್ತಾರೆ, ಉಳಿದವರು ಕೇಳುತ್ತ ಕೂರುತ್ತಾರೆ. ಅಲ್ಲಿಗೆ ಅದು ಕಚೇರಿಯಾಗುತ್ತದೆ, ನಮಗೆ ಬೇಕಾದದ್ದು ಅದಲ್ಲ. ಇಲ್ಲಿಯೇ ಹುಟ್ಟಿ ಬೆಳೆದು, ಕನ್ನಡ ಮಾತಾಡಬಲ್ಲ, ಓದಲು ಬಾರದ ನಾಲ್ವರು ಮಾತ್ರ ಗಮಕ ಕೇಳಿದ ಮೇಲೆ ಮಕ್ಕಳ ಕಪಾಟಿನಿಂದ ಕಾಗುಣಿತದ ಪುಸ್ತಕ ಒಯ್ದಿದ್ದಾರೆ. ವಾಯಿದೆ ಮುಗಿದು ತಿಂಗಳಾದರೂ ಅವು ಮರಳಿಲ್ಲ, ನಾನೂ ಕೇಳಿಲ್ಲ.

ಕುರ್ಚಿಗಳ ರಬ್ಬರ್ ಬೂಟುಗಳ ಹೊಣೆಯನ್ನು ಫಿಟ್ಟರ್ ಅಣ್ಣ ತಾವಾಗಿಯೇ ವಹಿಸಿಕೊಂಡಿದ್ದಾರೆ. ಪ್ರತಿ ಕಾಲಿನ ಅಳತೆ ತೆಗೆದು ಹನ್ನೆರಡು ಕುರ್ಚಿ ಮುಗಿಸಿದ್ದಾರೆ. ಉಳಿದ ಆರಕ್ಕೆ ಸರಿಯಾದ ಗಾತ್ರದ ಬೂಟು ಸಿಗುವವರೆಗೆ ಅವುಗಳಲ್ಲಿ ಓದುವವರು ಮಾತ್ರ ಕೂರಬೇಕೆಂದು ಬೆನ್ನಿಗೆ ಕೆಂಪು ದಾರ ಕಟ್ಟಿದ್ದಾರೆ.