ಬೀಜದ ತಪ್ಪಲ್ಲ, ಬೋರ್ ನೀರಿನದ್ದು

ಬೇಸಿಗೆಯಲ್ಲಿ ಬೀನ್ಸ್ ಬಿತ್ತಿ ಹತ್ತು ದಿನವಾದರೂ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ. ಸುಮ್ನೆ ಬೀಜದಂಗಡಿಯವರ ಜೊತೆ ಜಗಳವಾಡಿದೆ.

ಆಮೇಲೆ ಅದೇ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. 50 ಬೀಜ ಬೋರ್ ನೀರಲ್ಲಿ, 50 ಕೃಷಿಹೊಂಡದ ಮಳೆನೀರಲ್ಲಿ. ಮಳೆನೀರಿನಲ್ಲಿ 44 ಮೊಳೆತವು. ಬೋರ್ ನೀರಿನಲ್ಲಿ 31, ಅದೂ ಎರಡು ದಿನ ತಡವಾಗಿ.

ಬೋರ್ ನೀರು ಪರೀಕ್ಷೆ ಮಾಡಿಸಿದರೆ ಇಸಿ, ಅಂದರೆ ನೀರಲ್ಲಿ ಉಪ್ಪೆಷ್ಟಿದೆ ಅನ್ನುವ ಅಳತೆ, 2.9 ಬಂತು. ಬೀನ್ಸ್‌ಗೆ 1 ದಾಟಿದರೇ ಕಷ್ಟ. ಉಪ್ಪುನೀರಲ್ಲಿ ಬೀಜಕ್ಕೆ ನೀರು ಹೀರಿಕೊಳ್ಳುವುದೇ ಕಷ್ಟ. ಆದರೆ ಹೊಲದಲ್ಲಿ ಬಟ್ಟೆಗಿಂತ ಜಾಸ್ತಿ ಹಾಳಾಗಿದ್ದು ಯಾಕೆ? ಬಿತ್ತಲು ಏರಿಸಿದ ಮಣ್ಣಿನ ಏರಿ, ಅಂದರೆ ದಿಂಡಿನ ನೆತ್ತಿ ನೋಡಿದೆ. ಬೆಳ್ಳಗೆ ಪುಡಿ! ದಿಂಡುಗಳ ನಡುವಿನ ಕಾಲುವೆಗೆ ಬಿಟ್ಟ ಬೋರ್ ನೀರು ದಿಂಡಿಗೆ ಏರಿ ಆರಿದಾಗ ಉಪ್ಪೆಲ್ಲ ಮೇಲೇ ಉಳಿಯುತ್ತದೆ. ನಾನು ಬೀಜ ಊರಿದ್ದೂ ಅಲ್ಲೇ, ನೋಡಿ.

ಎರಡನೇ ಸಲ ದಿಂಡಿನ ಪಕ್ಕದ ಇಳಿಜಾರಿನಲ್ಲಿ ಬಿತ್ತಿದೆ. ಮೊಳಕೆ ಬರುವವರೆಗೆ ಹೊಂಡದ ನೀರು ಮಾತ್ರ, ಮಣ್ಣು ಆರದಂತೆ. ಎರಡೆಲೆ ಬಿಟ್ಟ ಮೇಲೂ ಬೋರ್ ನೀರನ್ನು ಬೆರೆಸಿಯೇ ಕೊಟ್ಟೆ. ಸಾಲು ತುಂಬಿತು.

ಹೊಂಡದ ನೀರು ಎಲ್ಲದಕ್ಕೂ ಸಾಲದು. ಹಾಗಾಗಿ ಈಗ ಬೋರ್ ನೀರು ಬೀಟ್‌ರೂಟ್‌ಗೆ. ಬೆಳೆದ ಮೇಲೆ ಅದು ಉಪ್ಪು ತಡೆಯುತ್ತದೆ, ಮೊಳೆಯುವಾಗ ಮಾತ್ರ ಅದೂ ನಾಜೂಕು. ಅಂಗಡಿಯವರ ಹತ್ತಿರ ಹೋಗಿ ಕ್ಷಮೆ ಕೇಳಿ ಬಂದೆ.